ಕಾರ್ಡ್ ಇದೆ, ಮತ ಇಲ್ಲ

ಮುಚ್ಚಿಹೋದ ಅಂಗಡಿಗಳನ್ನು ನೆನೆದು ನಿಟ್ಟುಸಿರು ಬಿಡುವುದು ಈಗ ಮಧ್ಯಮ ವರ್ಗದ ಒಂದು ಹವ್ಯಾಸ. ಬೆಂಗಳೂರಿನವರು ಕೆಂಪೇಗೌಡ ರಸ್ತೆಯ ಜನತಾ ಬಜಾರನ್ನು ನೆನೆಯುತ್ತಾರೆ. ದೆಹಲಿಯಲ್ಲಿ ಬೆಳೆದವರಿಗೆ ಕನಾಟ್ ಪ್ಲೇಸಿನ ಸೂಪರ್ ಬಜಾರ್ ನೆನಪಾಗುತ್ತದೆ. ಅಹ್ಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನಲವತ್ತು ದಾಟಿದವರನ್ನು ಕೇಳಿದರೆ ಅವರದೂ ಒಂದು ಪಟ್ಟಿ ಇರುತ್ತದೆ: ಅಪ್ಪನ ಕಾಲದ ಸಹಕಾರಿ ಗ್ರಾಹಕ ಭಂಡಾರ, ಆಮೇಲೆ ಅದಾನಿ ಸೂಪರ್‌ಮಾರ್ಕೆಟ್, ಸುಭಿಕ್ಷಾ, ಕೊನೆಗೆ ಬಿಗ್ ಬಜಾರ್. ಎಲ್ಲ ಕಡೆಯೂ ಸಾಮಾನು ಅಗ್ಗವಾಗಿತ್ತು, ಎಲ್ಲ ಕಡೆಯೂ ಒಂದು ಕಾರ್ಡೋ ಪಾಸ್‌ಬುಕ್ಕೋ ಕೈಯಲ್ಲಿತ್ತು, ಎಲ್ಲವೂ ಹೋದವು. ಕಾಲ ಬದಲಾಯಿತು, ಏನು ಮಾಡುವುದು ಎಂದು ಮಾತು ಮುಗಿಯುತ್ತದೆ.

ಈ ಪಟ್ಟಿಯೇ ತಪ್ಪು. ಇದರ ಮೊದಲ ಹೆಸರಿಗೂ ಉಳಿದ ಮೂರಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಮೊದಲನೆಯದು, ಕಾಗದದ ಮೇಲಾದರೂ, ಕೊಳ್ಳುವವರದೇ ಅಂಗಡಿ. ಉಳಿದವು ಕೊಳ್ಳುವವರಿಗಾಗಿ ಬೇರೆಯವರು ತೆರೆದು, ತಮಗೆ ಬೇಕಾದಾಗ ಮುಚ್ಚಿದ ಅಂಗಡಿಗಳು. ಎರಡನ್ನೂ ‘ರಿಯಾಯಿತಿ ಅಂಗಡಿ’ ಎಂದು ಒಂದೇ ಸಾಲಿನಲ್ಲಿ ನಿಲ್ಲಿಸಿದ ಮೇಲೆ ಕಳೆದುಕೊಂಡದ್ದು ಏನು ಎಂಬ ಪ್ರಶ್ನೆಯೇ ಏಳುವುದಿಲ್ಲ. ಗುಜರಾತಿನಂಥ ರಾಜ್ಯದಲ್ಲಿ ಹೀಗಾದದ್ದು ಬರೀ ಮರೆವಲ್ಲ, ಹಗರಣ. ಹಾಗೆಂದು ಯಾರೂ ಕರೆಯದೆ ಇರುವುದು ಇನ್ನೊಂದು ಹಗರಣ.

ಮೊದಲು ಪದಗಳನ್ನೇ ನೋಡಬಹುದು. ಗುಜರಾತಿಯಲ್ಲಿ ಸಹಕಾರಿ ಸಂಘದ ಸದಸ್ಯನಿಗೆ ಇಂದಿಗೂ ‘ಸಭಾಸದ್’ ಎನ್ನುತ್ತಾರೆ. ಸಭೆಯಲ್ಲಿ ಕೂರುವವನು ಎಂದರ್ಥ. ಹಾಲಿನ ಡೇರಿಯ ಪಾಸ್‌ಬುಕ್ಕಿನಲ್ಲಿ, ವಸತಿ ಸಂಘದ ನೋಟೀಸಿನಲ್ಲಿ ಈ ಪದ ಇನ್ನೂ ಇದೆ. ಅಂಗಡಿಗೆ ಬರುವವನು ಮಾತ್ರ ‘ಘರಾಕ್’. ಅದು ಸಂಸ್ಕೃತದ ‘ಗ್ರಾಹಕ’ ನಾಲಿಗೆಯಲ್ಲಿ ಸವೆದು ಆದ ರೂಪ. ಕನ್ನಡದ ‘ಗಿರಾಕಿ’ಯೂ ಅದೇ ಮನೆತನದ್ದು. (ಕನ್ನಡದಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವೂ ಬಂದಿದೆ. ‘ಭಾರಿ ಗಿರಾಕಿ ಅವನು’ ಎಂದಾಗ ಯಾರೂ ಅದನ್ನು ಹೊಗಳಿಕೆ ಎಂದುಕೊಳ್ಳುವುದಿಲ್ಲ.) ಒಬ್ಬನ ಗುರುತು ಸಭೆಯಲ್ಲಿ ಕೂರುವುದರಿಂದ, ಇನ್ನೊಬ್ಬನ ಗುರುತು ಕೈಯೊಡ್ಡಿ ತೆಗೆದುಕೊಳ್ಳುವುದರಿಂದ. ಐವತ್ತು ವರ್ಷಗಳಲ್ಲಿ ಈ ಮೂರು ನಗರಗಳಲ್ಲಿ ನಡೆದದ್ದು ಸಭಾಸದ ಗಿರಾಕಿಯಾದ ಕಥೆ. ಈಗ ಅದೇ ಗಿರಾಕಿಯ ಕೈಗೆ ಪ್ಲಾಸ್ಟಿಕ್ ಕಾರ್ಡೊಂದನ್ನು ಕೊಟ್ಟು ‘ಮೆಂಬರ್’ ಎಂದು ಕರೆಯುವ ಆಟ ನಡೆದಿದೆ.

ಸದಸ್ಯರ ಅಂಗಡಿ ಎಂಬ ಕಲ್ಪನೆ ಬಂದದ್ದು ಜವಳಿ ಗಿರಣಿಗಳ ಊರಿನಿಂದ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ರಾಚ್‌ಡೇಲಿನಲ್ಲಿ 28 ಮಂದಿ, ಅವರಲ್ಲಿ ಹಲವರು ನೇಕಾರರು, ತಲಾ ಒಂದು ಪೌಂಡ್ ಕೂಡಿಸಿ 1844ರ ಡಿಸೆಂಬರ್ 21ರಂದು ಟೋಡ್ ಲೇನ್ ಎಂಬ ಬೀದಿಯಲ್ಲಿ ಅಂಗಡಿ ತೆರೆದರು. ಮಾರಾಟಕ್ಕಿದ್ದದ್ದು ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು, ಮೇಣದಬತ್ತಿ. ಅವರ ನಿಯಮಗಳಲ್ಲಿ ಎರಡು ಮುಖ್ಯ. ಎಷ್ಟೇ ಷೇರು ಇರಲಿ, ಒಬ್ಬರಿಗೆ ಒಂದೇ ಮತ. ವರ್ಷದ ಕೊನೆಗೆ ಉಳಿದ ಲಾಭ ಷೇರಿನ ಪ್ರಮಾಣದಲ್ಲಲ್ಲ, ಯಾರು ಎಷ್ಟು ಸಾಮಾನು ಕೊಂಡರೋ ಆ ಪ್ರಮಾಣದಲ್ಲಿ ವಾಪಸ್. ಬೆಲೆ ಪೇಟೆಯದೇ ಇರುತ್ತಿತ್ತು, ಕೌಂಟರಿನಲ್ಲಿ ರಿಯಾಯಿತಿ ಇರಲಿಲ್ಲ. ಅಗ್ಗವಾಗುತ್ತಿದ್ದದ್ದು ವರ್ಷದ ಲೆಕ್ಕ ಮುಗಿದ ಮೇಲೆ, ಸಭೆ ತೀರ್ಮಾನಿಸಿದಷ್ಟು. ಅಹ್ಮದಾಬಾದ್ ತನ್ನನ್ನು ‘ಭಾರತದ ಮ್ಯಾಂಚೆಸ್ಟರ್’ ಎಂದು ಕರೆದುಕೊಂಡು ನೂರು ವರ್ಷ ಬೀಗಿತು. ಮ್ಯಾಂಚೆಸ್ಟರಿನ ಮಗ್ಗುಲಲ್ಲಿದ್ದ ಈ ಊರಿನಿಂದ ಕಲಿತದ್ದು ಮಾತ್ರ ಕಡಿಮೆ.

ಸಹಕಾರದ ಪಾಠವೇ ಗುಜರಾತಿಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ವಡೋದರೆಯಲ್ಲಿ ‘ಅನ್ಯೋನ್ಯ ಸಹಕಾರಿ ಮಂಡಳಿ’ ಹುಟ್ಟಿದ್ದು 1889ರಲ್ಲಿ, ದೇಶದಲ್ಲಿ ಸಹಕಾರಿ ಕಾಯ್ದೆ ಬರುವುದಕ್ಕೂ ಹದಿನೈದು ವರ್ಷ ಮೊದಲು. ಗದಗ ಬಳಿಯ ಕಣಗಿನಹಾಳದ ಸಂಘವನ್ನು ಹೆಮ್ಮೆಯಿಂದ ನೆನೆಯುವ ಕನ್ನಡಿಗರು ಇದನ್ನು ಗಮನಿಸಬೇಕು. 1905ರ ಕಣಗಿನಹಾಳ ಕಾಯ್ದೆಯಡಿ ಬಂದ ಕೂಸು, ವಡೋದರೆಯದು ಕಾಯ್ದೆಗೆ ಕಾಯದೆ ಹುಟ್ಟಿದ್ದು. ಅಹ್ಮದಾಬಾದಿನಲ್ಲಿ ಅನಸೂಯಾ ಸಾರಾಭಾಯಿ ಮತ್ತು ಗಾಂಧಿ 1920ರಲ್ಲಿ ಮಜೂರ್ ಮಹಾಜನ ಕಟ್ಟಿ ಗಿರಣಿ ಕಾರ್ಮಿಕರನ್ನು ಸಂಘಟಿಸಿದರು. ಖೇಡಾದ ಹಾಲಿನ ರೈತರು 1946ರಲ್ಲಿ, ಸೂರತ್ತಿನ ಹಾಲಿನ ರೈತರು ‘ಸುಮುಲ್’ ಹೆಸರಿನಲ್ಲಿ 1951ರಲ್ಲಿ ಒಂದಾದರು. ಎಣ್ಣೆಬೀಜದ ರೈತರಿಗೂ ಒಕ್ಕೂಟ ಬಂತು. ವರ್ತಕರಿಗಂತೂ ಮಹಾಜನಗಳ ಪರಂಪರೆ ಶತಮಾನಗಳದ್ದು. ತೀರಾ ಈಚೆಗೆ, 2023ರ ಡಿಸೆಂಬರಿನಲ್ಲಿ, ಸೂರತ್ತಿನಲ್ಲಿ ಉದ್ಘಾಟನೆಯಾದ ವಜ್ರ ವಿನಿಮಯ ಕೇಂದ್ರವನ್ನೇ ನೋಡಿ. ನಾಲ್ಕು ಸಾವಿರಕ್ಕೂ ಹೆಚ್ಚು ಕಚೇರಿಗಳ ಆ ಕಟ್ಟಡವನ್ನು ಕಟ್ಟಿಸಿದ್ದು ವಜ್ರದ ವ್ಯಾಪಾರಿಗಳೇ, ಸದಸ್ಯರಾಗಿ ಹಣ ಹಾಕಿ. ಸದಸ್ಯತ್ವ ಅಂದರೆ ಒಡೆತನ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬೆಳೆಯುವವರು ಸಂಘಟಿತರು, ಮಾರುವವರು ಸಂಘಟಿತರು, ದುಡಿಯುವವರೂ ಒಂದು ಕಾಲಕ್ಕೆ ಸಂಘಟಿತರು. ಕೊಳ್ಳುವವನೊಬ್ಬನೇ ಒಂಟಿ. ಅಮೂಲ್ ಇದೆಯಲ್ಲ ಎನ್ನಬಹುದು. ಅಮೂಲ್ ರೈತರದು, ಅದು ಇರಬೇಕಾದದ್ದೂ ಹಾಗೆಯೇ. ಆದರೆ ಅಹ್ಮದಾಬಾದಿನ ಗೃಹಿಣಿಯ ಮಟ್ಟಿಗೆ ಅದು ಕೂಡ ಒಬ್ಬ ಮಾರಾಟಗಾರ. ಹಾಲಿನ ಬೆಲೆ ಲೀಟರಿಗೆ ಎರಡು ರೂಪಾಯಿ ಏರಿದ ಬೆಳಗ್ಗೆ ಆಕೆಗೆ ಆ ಸಭೆಯಲ್ಲಿ ಕುರ್ಚಿಯಿಲ್ಲ. ಸಹಕಾರದ ತವರು ಎಂದು ಕರೆಸಿಕೊಳ್ಳುವ ರಾಜ್ಯದ ಅರ್ಧ ಸತ್ಯ ಇದು.

ಕೊಳ್ಳುವವರಿಗೆ ಅಂಗಡಿ ಸಿಕ್ಕಿದ್ದೇ ಇಲ್ಲವೇ? ಸಿಕ್ಕಿತ್ತು, ಆದರೆ ಅದನ್ನು ಕೊಟ್ಟದ್ದು ಸರ್ಕಾರ. 1962ರ ಚೀನಾ ಯುದ್ಧದ ಹೊತ್ತಿಗೆ ಬೆಲೆಗಳು ಕೈಮೀರಬಹುದೆಂಬ ಭಯದಲ್ಲಿ ಕೇಂದ್ರ ಸರ್ಕಾರ ನಗರಗಳಲ್ಲಿ ಗ್ರಾಹಕ ಸಹಕಾರಿ ಭಂಡಾರಗಳ ಯೋಜನೆ ತಂದಿತು. 1965ರಲ್ಲಿ ರಾಷ್ಟ್ರಮಟ್ಟದ ಗ್ರಾಹಕ ಒಕ್ಕೂಟ ಬಂತು. 1966ರ ಜೂನಿನಲ್ಲಿ ರೂಪಾಯಿ ಅಪಮೌಲ್ಯವಾದಾಗ ಇನ್ನಷ್ಟು ಗಾಬರಿ. ಅದೇ ಜುಲೈಯಲ್ಲಿ ದೆಹಲಿಯ ಸೂಪರ್ ಬಜಾರ್ ತೆರೆಯಿತು, ದೇಶದ ನಗರಗಳಲ್ಲಿ ಅಂಥವೇ ಬಹುಮಹಡಿ ಸಹಕಾರಿ ಮಳಿಗೆಗಳು ಎದ್ದವು. ಸಣ್ಣ ಮೊತ್ತದ ಷೇರು, ಒಂದು ಸದಸ್ಯತ್ವದ ಪುಸ್ತಕ, ನಿಯಂತ್ರಿತ ದರದ ಸಕ್ಕರೆ, ಪಾಮೋಲಿನ್, ಅಗ್ಗದ ಬಟ್ಟೆ. ಶಾಲೆ ಶುರುವಾಗುವ ಹೊತ್ತಿಗೆ ನೋಟ್‌ಬುಕ್, ದೀಪಾವಳಿಗೆ ಪಟಾಕಿ. ವಡೋದರೆಯ ಸುತ್ತಲಿನ ರಿಫೈನರಿ, ರಸಗೊಬ್ಬರ, ಪೆಟ್ರೋಕೆಮಿಕಲ್ ಟೌನ್‌ಶಿಪ್‌ಗಳಂಥ ಕಡೆ ನೌಕರರ ಭಂಡಾರಗಳಿಗೆ ಇನ್ನೊಂದು ಅನುಕೂಲವಿತ್ತು: ಸಾಮಾನು ಈಗ, ಹಣ ತಿಂಗಳ ಸಂಬಳದಲ್ಲಿ ಕಡಿತ. ಅಹ್ಮದಾಬಾದಿನ ಲಾಲ್ ದರ್ವಾಜಾದಲ್ಲಿ ‘ಅಪ್ನಾ ಬಜಾರ್’ ಎಂಬ ಹೆಸರು ಇಂದು ಸರ್ಕಾರಿ ಕಚೇರಿಗಳ ವಿಳಾಸದಲ್ಲಿ ಉಳಿದಿದೆ. ನಮ್ಮ ಬಜಾರ್ ಎಂಬ ಹೆಸರಿನ ಕಟ್ಟಡಕ್ಕೆ ಜನ ಈಗ ಹೋಗುವುದು ಅರ್ಜಿ ಹಿಡಿದುಕೊಂಡು.

ಈ ಭಂಡಾರಗಳು ಹುಟ್ಟುವಾಗಲೇ ಒಂದು ರೋಗ ಹೊತ್ತು ಬಂದವು. ಷೇರು ಬಂಡವಾಳದಲ್ಲಿ ಸರ್ಕಾರದ ಪಾಲು ದೊಡ್ಡದು, ಹಾಗಾಗಿ ಆಡಳಿತ ಮಂಡಳಿಯಲ್ಲಿ ಸರ್ಕಾರದ ನಾಮಕರಣ, ಮ್ಯಾನೇಜರ್ ಕುರ್ಚಿಯಲ್ಲಿ ಎರವಲು ಬಂದ ಇಲಾಖೆಯ ಅಧಿಕಾರಿ. ಅವನಿಗೆ ಅಂಗಡಿ ಒಂದು ಪೋಸ್ಟಿಂಗ್. ಎರಡು ವರ್ಷದಲ್ಲಿ ವರ್ಗ. ಬೆಲ್ಲದಲ್ಲಿ ಇರುವೆ ಬಿದ್ದರೆ ಅವನಿಗೇನು, ಬೇಳೆ ಮುಗ್ಗಿದರೆ ಅವನಿಗೇನು? ಚುನಾವಣೆಗಳು ಮುಂದೆ ಹೋದಲ್ಲೆಲ್ಲ ರಿಜಿಸ್ಟ್ರಾರ್ ನೇಮಿಸಿದ ಆಡಳಿತಾಧಿಕಾರಿ ಬಂದ. ಸದಸ್ಯರೂ ಸಾಧುಗಳಲ್ಲ. ವಾರ್ಷಿಕ ಸಭೆಯ ನೋಟೀಸು ಬಂದರೆ ಅದರ ಮೇಲೆ ಬಿಸಿ ಪಾತ್ರೆ ಇಟ್ಟವರು ಅವರೇ. ಸಕ್ಕರೆ ಕೋಟಾ ಬಂದ ದಿನ ಸಾಲು, ಲೆಕ್ಕಪತ್ರ ಮಂಡನೆಯಾದ ದಿನ ಖಾಲಿ ಕುರ್ಚಿ. ನಿಯಂತ್ರಿತ ದರದ ಸಾಮಾನಿನ ಆಸರೆ ತೊಂಬತ್ತರ ದಶಕದಲ್ಲಿ ಸಡಿಲವಾಗುತ್ತ ಬಂದಾಗ ಅಂಗಡಿಗೆ ಬರಲು ಕಾರಣವೇ ಉಳಿಯಲಿಲ್ಲ. ಆ ಹೊತ್ತಿಗೆ ಅಹ್ಮದಾಬಾದಿನ ಗಿರಣಿಗಳು ಸಾಲಾಗಿ ಮುಚ್ಚಿದ್ದವು. ವಡೋದರೆಯ ಪೆಟ್ರೋಕೆಮಿಕಲ್ ಕಂಪನಿ ಐ.ಪಿ.ಸಿ.ಎಲ್. 2002ರಲ್ಲಿ ರಿಲಯನ್ಸಿನ ಕೈಗೆ ಹೋಯಿತು. ಸಂಬಳದಿಂದ ಕಡಿತ ಮಾಡಲು ಕಾಯಂ ಸಂಬಳವಾದರೂ ಇರಬೇಕಲ್ಲ.

ಇಲ್ಲಿ ಒಂದು ಪ್ರಸಂಗ ಹೇಳಲೇಬೇಕು. ಈ ಮೂರು ನಗರಗಳ ಕೊಳ್ಳುವವರು ಎಂದೂ ಎದ್ದು ನಿಲ್ಲಲಿಲ್ಲ ಎನ್ನುವಂತಿಲ್ಲ. 1973ರ ಡಿಸೆಂಬರಿನಲ್ಲಿ ಅಹ್ಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಮೆಸ್ ಬಿಲ್ ಏರಿತು. ಹುಡುಗರು ಮುಷ್ಕರ ಹೂಡಿದರು. ಕಿಡಿ ರಾಜ್ಯಕ್ಕೆಲ್ಲ ಹಬ್ಬಿತು, ಅದಕ್ಕೆ ನವನಿರ್ಮಾಣ ಚಳವಳಿ ಎಂದು ಹೆಸರಾಯಿತು, 1974ರ ಫೆಬ್ರವರಿ 9ರಂದು ಮುಖ್ಯಮಂತ್ರಿ ಚಿಮನಭಾಯಿ ಪಟೇಲ್ ರಾಜೀನಾಮೆ ಕೊಟ್ಟರು. ಊಟದ ಬಿಲ್ಲಿನಿಂದ ಶುರುವಾಗಿ ಸರ್ಕಾರ ಉರುಳಿದ ಉದಾಹರಣೆ ದೇಶದಲ್ಲಿ ಇನ್ನೊಂದು ಸಿಗುವುದು ಕಷ್ಟ. ಗುಜರಾತಿನಲ್ಲಿ ಹದಿನೈದು ಕಿಲೋ ಕಡಲೆಕಾಯಿ ಎಣ್ಣೆಯ ಡಬ್ಬಿಯ ಬೆಲೆ ಇಂದಿಗೂ ರಾಜಕೀಯದ ವಿಷಯ. ಎಣ್ಣೆ ಗಿರಣಿಗಳ ದೊರೆಗಳಿಗೆ ‘ತೇಲಿಯಾ ರಾಜಾ’ ಎಂಬ ಬಿರುದೇ ಇದೆ. ಅಷ್ಟು ಸಿಟ್ಟು, ಅಷ್ಟು ಜನ, ಅಷ್ಟು ಬಲಿದಾನ. ಆ ಸಿಟ್ಟು ಇಳಿದ ಮೇಲೆ ಉಳಿದದ್ದೇನು? ಒಂದು ಎಣ್ಣೆಯ ಅಂಗಡಿಯೂ ಉಳಿಯಲಿಲ್ಲ. ಚಳವಳಿಯ ನಾಯಕರು ರಾಜಕಾರಣಿಗಳಾದರು. ಎಣ್ಣೆಯ ದೊರೆಗಳನ್ನು ಎದುರಿಸುವ ಕೆಲಸ 1988ರಲ್ಲಿ ‘ಧಾರಾ’ ಪೊಟ್ಟಣ ತಂದ ಆಣಂದಿನ ಡೇರಿ ಮಂಡಳಿಗೆ ಬಿತ್ತು. ಮತ್ತೆ ಬೆಳೆಯುವವರ ಕಡೆಯಿಂದಲೇ.

ಕೊಳ್ಳುವವರ ಪಾಲಿಗೆ ಬಂದದ್ದು ದೂರು ಕೊಡುವ ಹಕ್ಕು. ಅದು ಸಣ್ಣದೇನಲ್ಲ. ಮನುಭಾಯಿ ಶಾ ಅಹ್ಮದಾಬಾದಿನಲ್ಲಿ 1978ರಲ್ಲಿ ಕಟ್ಟಿದ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ದೇಶಕ್ಕೇ ದಾರಿ ತೋರಿತು. 1986ರ ಗ್ರಾಹಕ ರಕ್ಷಣಾ ಕಾಯ್ದೆಯ ಹಿಂದೆ ಇಂಥ ಸಂಸ್ಥೆಗಳ ವರ್ಷಗಟ್ಟಲೆ ದುಡಿಮೆ ಇದೆ. ಆದರೆ ದೂರು ಎಂಬುದು ಕೊಂಡ ಮೇಲಿನ ಮಾತು. ಏನು ತರಿಸಬೇಕು, ಎಲ್ಲಿಂದ ತರಿಸಬೇಕು, ಎಷ್ಟು ಲಾಭ ಇಟ್ಟುಕೊಳ್ಳಬೇಕು, ಆ ಲಾಭ ಯಾರಿಗೆ ಹೋಗಬೇಕು ಎಂಬುದು ಕೊಳ್ಳುವ ಮೊದಲಿನ ಮಾತು. ಅದಕ್ಕೆ ಯಾವ ಗ್ರಾಹಕ ನ್ಯಾಯಾಲಯದಲ್ಲೂ ಅರ್ಜಿ ನಮೂನೆಯಿಲ್ಲ.

ಆಮೇಲೆ ಬಂದವು ಪಟ್ಟಿಯ ಉಳಿದ ಹೆಸರುಗಳು. ಅದಾನಿ ಗುಂಪು ಗುಜರಾತಿನ ನಗರಗಳಲ್ಲಿ ಸೂಪರ್‌ಮಾರ್ಕೆಟ್ ಸರಣಿ ತೆರೆದಿತ್ತು. 2006ರ ಕೊನೆಗೆ ಅದನ್ನು ರಿಲಯನ್ಸಿಗೆ ಮಾರಿತು. ರಾತ್ರಿ ಬೆಳಗಾಗುವುದರಲ್ಲಿ ಬೋರ್ಡು ಬದಲಾಗುವುದೆಂದರೇನು ಎಂದು ಗಿರಾಕಿಗಳು ಆಗಲೇ ಕಲಿತರು. ಮಾರುವ ಮುನ್ನ ಅವರನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ, ಕೇಳಬೇಕಾದ ಕಾರಣವೂ ಇರಲಿಲ್ಲ. ಚೆನ್ನೈಯಲ್ಲಿ 1997ರಲ್ಲಿ ಶುರುವಾದ ಸುಭಿಕ್ಷಾ, ಅದರ ಸ್ಥಾಪಕರು ಓದಿದ್ದು ಅಹ್ಮದಾಬಾದಿನ ಐ.ಐ.ಎಂ.ನಲ್ಲೇ, ತಮಿಳುನಾಡಿನಾಚೆ ಹಬ್ಬುತ್ತ ಈ ಮೂರು ನಗರಗಳಿಗೂ ಬಂತು. ಚಿಕ್ಕ ಅಂಗಡಿ, ಹವಾನಿಯಂತ್ರಣವಿಲ್ಲ, ಔಷಧಿಯಿಂದ ಮೊಬೈಲಿನವರೆಗೆ ರಿಯಾಯಿತಿ. ದೇಶಾದ್ಯಂತ ಸುಮಾರು 1,600 ಅಂಗಡಿಗಳಾದವು. 2009ರ ಮೊದಲ ತಿಂಗಳುಗಳಲ್ಲಿ ಎಲ್ಲವೂ ನಿಂತವು. ಸರಬರಾಜುದಾರರಿಗೆ ಹಣವಿಲ್ಲ, ಕಾವಲುಗಾರರಿಗೆ ಸಂಬಳವಿಲ್ಲ. ಸಾಲ ಕೊಟ್ಟು ಕೈಸುಟ್ಟುಕೊಂಡ ಬ್ಯಾಂಕುಗಳಲ್ಲಿ ವಡೋದರೆಯ ಬ್ಯಾಂಕ್ ಆಫ್ ಬರೋಡಾ ಕೂಡ ಒಂದು. (ಕರಾವಳಿಯ ವಿಜಯಾ ಬ್ಯಾಂಕ್ 2019ರಲ್ಲಿ ಅದರಲ್ಲೇ ಲೀನವಾದದ್ದರಿಂದ ಮಂಗಳೂರಿನ ಉಳಿತಾಯ ಖಾತೆಗಳಿಗೂ ಆ ಮನೆಯ ಲೆಕ್ಕ ಈಗ ಸ್ವಂತದ್ದೇ.)

ಬಿಗ್ ಬಜಾರಿನದು ಇನ್ನೂ ಪಾಠವಾಗುವ ಕಥೆ. ಅದರಲ್ಲಿ ‘ಪ್ರಾಫಿಟ್ ಕ್ಲಬ್’ ಎಂಬ ಯೋಜನೆ ಇತ್ತು. ಮುಂಗಡ 10,000 ರೂಪಾಯಿ ಕಟ್ಟಿದರೆ ತಿಂಗಳಿಗೆ 1,000 ರೂಪಾಯಿಯಂತೆ ಹನ್ನೆರಡು ತಿಂಗಳು ಸಾಮಾನು. ಲೆಕ್ಕಕ್ಕೆ 2,000 ರೂಪಾಯಿ ಉಳಿತಾಯ. ಹೆಸರಿನಲ್ಲಿ ಕ್ಲಬ್, ಹೆಸರಿನಲ್ಲಿ ಲಾಭ. ನಿಜದಲ್ಲಿ ನಡೆಯುತ್ತಿದ್ದದ್ದು ಗಿರಾಕಿ ಅಂಗಡಿಗೆ ಸಾಲ ಕೊಡುವ ವ್ಯವಹಾರ, ಬಡ್ಡಿ ಅಕ್ಕಿ ಬೇಳೆಯ ರೂಪದಲ್ಲಿ. ರಾಚ್‌ಡೇಲಿನವರು ಒಂದು ಪೌಂಡ್ ಕಟ್ಟಿ ಅಂಗಡಿಯ ಒಡೆಯರಾದರು, ಇಲ್ಲಿ ಹತ್ತು ಸಾವಿರ ಕಟ್ಟಿದವರು ಅಂಗಡಿಯ ಸಾಲಗಾರರ ಪಟ್ಟಿಯ ಕೊನೆಗೆ ಸೇರಿದರು. 2022ರ ಫೆಬ್ರವರಿಯಲ್ಲಿ ಬಾಡಿಗೆ ಬಾಕಿಯ ಜಗಳದಲ್ಲಿ ಮಳಿಗೆಗಳ ಗುತ್ತಿಗೆ ರಿಲಯನ್ಸಿನ ಕೈಸೇರಿತು, ಬಾಗಿಲು ಮುಚ್ಚಿತು, ಆಮೇಲೆ ಅನೇಕ ಕಡೆ ‘ಸ್ಮಾರ್ಟ್ ಬಜಾರ್’ ಎಂಬ ಬೋರ್ಡಿನೊಂದಿಗೆ ತೆರೆಯಿತು.

ಈಗ ಪ್ರತಿ ಕೌಂಟರಿನಲ್ಲೂ ‘ಮೆಂಬರಾ ಸಾರ್?’ ಎಂಬ ಪ್ರಶ್ನೆ. ಫೋನ್ ನಂಬರ್ ಹೇಳಿದರೆ ಪಾಯಿಂಟು. ಆ ಪಾಯಿಂಟಿನ ಬೆಲೆ, ಅವಧಿ, ನಿಯಮ ಎಲ್ಲವನ್ನೂ ಕಂಪನಿ ತನ್ನ ಇಚ್ಛೆಯಂತೆ ಬದಲಿಸಬಹುದು ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಹಿಂದೆ ಸದಸ್ಯ ಅಂಗಡಿಯ ಲೆಕ್ಕ ನೋಡಬಹುದಿತ್ತು, ಈಗ ಅಂಗಡಿ ಸದಸ್ಯನ ಲೆಕ್ಕ ನೋಡುತ್ತದೆ. ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿ ಬಂದವರು ಅಲ್ಲಿಯ ಕಾಸ್ಟ್‌ಕೋ ಕಾರ್ಡಿನ ಬಗ್ಗೆ ಬೆರಗಿನಿಂದ ಹೇಳುತ್ತಾರೆ. ಅಲ್ಲೂ ಇದೇ ಕಥೆ. ಲಾಸ್ ಏಂಜಲೀಸಿನ ಅಂಚೆ ನೌಕರರು 1948ರಲ್ಲಿ ತಮಗಾಗಿ ತಾವೇ ಕಟ್ಟಿಕೊಂಡ ‘ಫೆಡ್‌ಕೋ’ 1999ರಲ್ಲಿ ಮುಚ್ಚಿತು. ಕಾರ್ಡಿಗೆ ಶುಲ್ಕ ವಸೂಲಿ ಮಾಡುವ ಉಪಾಯ ಮಾತ್ರ ಕಂಪನಿಗಳ ಕೈಯಲ್ಲಿ ದೊಡ್ಡದಾಗಿ ಬೆಳೆಯಿತು. ಸದಸ್ಯತ್ವದ ಸಿಪ್ಪೆ ಉಳಿಯಿತು, ತಿರುಳು ಹೋಯಿತು.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತು: ಡಿಮಾರ್ಟ್ ಇದೆ, ಅಗ್ಗವಿದೆ, ಕಾರ್ಡಿನ ರಗಳೆಯೂ ಇಲ್ಲ, ಇನ್ನೇನು ಬೇಕು? ಡಿಮಾರ್ಟ್ ಅಗ್ಗವೆಂಬುದು ನಿಜ, ಈ ಮೂರು ನಗರಗಳಲ್ಲೂ ಅದರ ಮುಂದಿನ ಸಾಲುಗಳೇ ಸಾಕ್ಷಿ. ಆದರೆ ಅದರ ಒಡೆಯ ರಾಧಾಕಿಶನ್ ದಮಾನಿ ಅಂಗಡಿ ವ್ಯಾಪಾರಕ್ಕೆ ಕಾಲಿಟ್ಟದ್ದು ಎಲ್ಲಿ? ನವಿ ಮುಂಬೈಯ ನೆರೂಳಿನಲ್ಲಿ, 1999ರಲ್ಲಿ, ಸಹಕಾರಿ ‘ಅಪ್ನಾ ಬಜಾರ್’ನ ಫ್ರಾಂಚೈಸಿ ಪಡೆದು. ಆ ಮಾದರಿ ಅವರಿಗೆ ಒಪ್ಪಿಗೆಯಾಗದೆ 2002ರಲ್ಲಿ ತಮ್ಮದೇ ಅಂಗಡಿ ತೆರೆದರು. ಒಪ್ಪಿಗೆಯಾಗದ್ದು ಏನೇ ಇರಲಿ, ಪಳಗಿದ್ದು ಅಲ್ಲಿಯೇ. ಸರಬರಾಜುದಾರರಿಗೆ ಬೇಗ ಹಣ ಕೊಟ್ಟು ದರ ಇಳಿಸಿಕೊಳ್ಳುವುದು, ಬಾಡಿಗೆಯ ಬದಲು ಸ್ವಂತ ಜಾಗ, ಥಳುಕಿಗೆ ಖರ್ಚಿಲ್ಲ, ಬೇಗ ಮಾರಾಟವಾಗುವ ಸಾಮಾನಷ್ಟೇ. ಇದರಲ್ಲಿ ಒಂದಾದರೂ ಸಹಕಾರಿ ಅಂಗಡಿಗೆ ಅಸಾಧ್ಯವಾದದ್ದೇ? ಇದೆಲ್ಲ ಮಾಡಿ ಉಳಿದ ಹಣ ಯಾರ ಜೇಬಿಗೆ ಎಂಬುದಷ್ಟೇ ವ್ಯತ್ಯಾಸ.

ಆ ಹಣ ಎಷ್ಟು ಎಂದು ಊಹೆಗೆ ಒಂದು ಲೆಕ್ಕ ಹಾಕಬಹುದು. ತಿಂಗಳಿಗೆ 8,000 ರೂಪಾಯಿಯ ದಿನಸಿ ಕೊಳ್ಳುವ ಮನೆ ವರ್ಷಕ್ಕೆ 96,000 ರೂಪಾಯಿ ಅಂಗಡಿಗೆ ಕೊಡುತ್ತದೆ. ಖರ್ಚು ಕಳೆದು ನೂರಕ್ಕೆ ಮೂರು ಉಳಿದರೆ 2,880 ರೂಪಾಯಿ. ಒಂದು ಮನೆಗೆ ಇದು ದೊಡ್ಡ ಮೊತ್ತವಲ್ಲ. ಅಂಥ 5,000 ಮನೆಗಳು ಸೇರಿದರೆ ವಹಿವಾಟು 48 ಕೋಟಿ, ಉಳಿಕೆ 1.44 ಕೋಟಿ. ಅದನ್ನು ಹಂಚಿಕೊಳ್ಳಬೇಕೋ, ಕೆಲಸದವರ ಸಂಬಳ ಏರಿಸಬೇಕೋ, ಎಣ್ಣೆ ಗಾಣ ಹಾಕಬೇಕೋ ಎಂದು ವರ್ಷಕ್ಕೊಂದು ದಿನ ಕೂತು ಜಗಳವಾಡುವ ಹಕ್ಕು 2,880 ರೂಪಾಯಿಗಿಂತ ದೊಡ್ಡದು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಸಹಕಾರ ಅಂದರೆ ಭ್ರಷ್ಟಾಚಾರ. ಅಹ್ಮದಾಬಾದಿನವರು ತಕ್ಷಣ ಮಾಧವಪುರಾ ಎನ್ನುತ್ತಾರೆ. ಮಾಧವಪುರಾ ಮರ್ಕೆಂಟೈಲ್ ಸಹಕಾರಿ ಬ್ಯಾಂಕ್ ಷೇರು ದಲ್ಲಾಳಿ ಕೇತನ್ ಪಾರೇಖ್‌ಗೆ ಮಿತಿಮೀರಿ ಸಾಲ ಕೊಟ್ಟು 2001ರ ಮಾರ್ಚಿನಲ್ಲಿ ಕುಸಿಯಿತು. ಸಣ್ಣಪುಟ್ಟವರ ಠೇವಣಿ ಸಿಕ್ಕಿಬಿತ್ತು, 2012ರಲ್ಲಿ ಪರವಾನಗಿಯೇ ರದ್ದಾಯಿತು. ಆ ನೋವನ್ನು ಯಾರೂ ಹಗುರ ಮಾಡಬಾರದು. ಆದರೆ ತಕ್ಕಡಿ ಒಂದೇ ಇರಲಿ. ಮಾಧವಪುರಾ ಬಿದ್ದಾಗ ‘ಸಹಕಾರಿ’ ಎಂಬ ಪದಕ್ಕೇ ಮಸಿ ಹತ್ತಿತು. ಸುಭಿಕ್ಷಾ ಬಿದ್ದಾಗ, ಬಿಗ್ ಬಜಾರ್ ಬಿದ್ದಾಗ ‘ಕಂಪನಿ’ ಎಂಬ ಪದಕ್ಕೆ ಮಸಿ ಹತ್ತಿತೇ? ಅದು ಆ ಉದ್ಯಮಿಯ ಲೆಕ್ಕಾಚಾರ ತಪ್ಪಿದ್ದು, ಅಷ್ಟೇ. ಒಂದು ಕಡೆ ತಪ್ಪು ವ್ಯಕ್ತಿಯದು, ಇನ್ನೊಂದು ಕಡೆ ತಪ್ಪು ತತ್ವದ್ದು. ಈ ನ್ಯಾಯ ಯಾವ ಊರಿನದು?

ಮೂರನೆಯ ಆಕ್ಷೇಪವನ್ನು ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ, ಎತ್ತಬೇಕು. ಹಳೆಯ ಸದಸ್ಯರ ಅಂಗಡಿಗಳು ಹೆಚ್ಚಾಗಿ ಯಾರ ಕೆಲಸಕ್ಕೆ ಬಂದವು? ಕಾಯಂ ನೌಕರಿಯವರು, ಸರ್ಕಾರಿ ನೌಕರರು, ಟೌನ್‌ಶಿಪ್ಪಿನವರು. ಇಂದಿಗೂ ಗಟ್ಟಿಯಾಗಿ ಉಳಿದಿರುವ ಸದಸ್ಯರ ಅಂಗಡಿ ಎಂದರೆ ಸೈನಿಕರ ಕ್ಯಾಂಟೀನು, ಅದೂ ಸರ್ಕಾರದ ತೆರಿಗೆ ರಿಯಾಯಿತಿಯ ಬಲದಲ್ಲಿ. ಸೂರತ್ತಿನ ಪವರ್‌ಲೂಮ್‌ಗಳಲ್ಲಿ ದುಡಿಯುವ ಒಡಿಶಾದ ಗಂಜಾಮಿನ ಹುಡುಗರು ಕತಾರ್‌ಗಾಮ್, ವೇಡ್ ರೋಡ್ ಕಡೆಯ ಮೆಸ್ ಕೋಣೆಗಳಲ್ಲಿ ಪಾಳಿಯ ಮೇಲೆ ಮಲಗುತ್ತಾರೆ. ಎಣ್ಣೆಯನ್ನು ಚಿಕ್ಕ ಪೊಟ್ಟಣದಲ್ಲಿ, ಸಾಬೂನನ್ನು ಐದು ರೂಪಾಯಿಯ ತುಂಡಿನಲ್ಲಿ, ಬೇಳೆಯನ್ನು ಉದ್ದರಿ ಲೆಕ್ಕದಲ್ಲಿ ಕೊಳ್ಳುವವರು ಕಿಲೋ ಲೆಕ್ಕದಲ್ಲಿ ತೆರುವ ಬೆಲೆ ಡಿಮಾರ್ಟಿನಲ್ಲಿ ತಳ್ಳುಗಾಡಿ ತುಂಬಿಸುವವರಿಗಿಂತ ಹೆಚ್ಚು. ರಾಚ್‌ಡೇಲಿನ ನೇಕಾರರ ಸ್ಥಿತಿಗೆ ತೀರಾ ಹತ್ತಿರ ಇರುವವರು ಇವರೇ. ಇವರಿಗೆ ಹಳೆಯ ಭಂಡಾರವೂ ಬಾಗಿಲು ತೆರೆಯಲಿಲ್ಲ, ಹೊಸ ಮಾಲ್ ಕೂಡ ತೆರೆದಿಲ್ಲ. ಸದಸ್ಯರ ಅಂಗಡಿಯ ನೆನಪಿನಲ್ಲಿ ಮುಳುಗುವವರು ಆ ಸದಸ್ಯತ್ವ ಯಾರನ್ನು ಹೊರಗಿಟ್ಟಿತ್ತು ಎಂದೂ ನೆನೆಯಲಿ.

ಈಗ ಕೇಂದ್ರದಲ್ಲಿ ಸಹಕಾರಕ್ಕೆಂದೇ ಸಚಿವಾಲಯವಿದೆ. 2021ರ ಜುಲೈಯಲ್ಲಿ ಹುಟ್ಟಿದ ಅದರ ಸಚಿವರು ಗಾಂಧಿನಗರದ ಸಂಸದರೇ. ಆಣಂದಿನಲ್ಲಿ ಸಹಕಾರಿ ವಿಶ್ವವಿದ್ಯಾಲಯ ಬಂದಿದೆ. ಬೀಜಕ್ಕೆ, ಸಾವಯವಕ್ಕೆ, ರಫ್ತಿಗೆ ರಾಷ್ಟ್ರೀಯ ಸಹಕಾರಿ ಸಂಘಗಳಾಗಿವೆ. ಕೊಳ್ಳುವವರಿಗೆ ಸಿಕ್ಕದ್ದು ವ್ಯಾನು. 2023ರ ನವೆಂಬರಿನಲ್ಲಿ ಕಿಲೋಗೆ 27.50 ರೂಪಾಯಿಯ ‘ಭಾರತ್’ ಗೋಧಿಹಿಟ್ಟು, 2024ರ ಫೆಬ್ರವರಿಯಲ್ಲಿ 29 ರೂಪಾಯಿಯ ‘ಭಾರತ್’ ಅಕ್ಕಿ, ಮಾರಿದವರಲ್ಲಿ ಅದೇ 1965ರ ಗ್ರಾಹಕ ಒಕ್ಕೂಟವೂ ಇತ್ತು. ಗ್ರಾಹಕರ ಒಕ್ಕೂಟ ಎಂಬ ಹೆಸರಿನ ಸಂಸ್ಥೆ ಗ್ರಾಹಕರನ್ನು ವ್ಯಾನಿನ ಹಿಂದೆ ಸಾಲಿನಲ್ಲಿ ನಿಲ್ಲಿಸಿ ಚುನಾವಣೆಯ ವರ್ಷದ ಅಕ್ಕಿ ಕೊಟ್ಟಿತು. ಸಾಲಿನಲ್ಲಿ ನಿಂತವರಲ್ಲಿ ಎಷ್ಟು ಜನರಿಗೆ ಅದು ತಮ್ಮ ಹೆಸರಿನ ಒಕ್ಕೂಟ ಎಂದು ಗೊತ್ತಿತ್ತು?

ಜನಕ್ಕೆ ಸಭೆ ನಡೆಸುವ ತಾಳ್ಮೆಯಿಲ್ಲ, ಇದೆಲ್ಲ ಹಳೆಯ ಆದರ್ಶ ಎನ್ನುವವರು ಒಂದು ಭಾನುವಾರ ಪಶ್ಚಿಮ ಅಹ್ಮದಾಬಾದಿನಲ್ಲಿ ಅಡ್ಡಾಡಿ ಬರಲಿ. ಅಲ್ಲಿ ‘ಸೊಸೈಟಿ’ ಎಂದರೆ ಮನೆಗಳ ಸಮುಚ್ಚಯ, ಅವುಗಳಲ್ಲಿ ಬಹಳಷ್ಟು ಸಹಕಾರಿ ವಸತಿ ಸಂಘಗಳಾಗಿಯೇ ನೋಂದಣಿಯಾದವು. ನೀರಿನ ಟ್ಯಾಂಕರ್, ಲಿಫ್ಟಿನ ರಿಪೇರಿ, ಪಾರ್ಕಿಂಗಿನ ಗೆರೆ ಎಲ್ಲದಕ್ಕೂ ಸಭೆ, ಜಗಳ, ಮತ, ನಡಾವಳಿ ಪುಸ್ತಕ. ಮಾರ್ಚ್ ಕಳೆದರೆ ವರ್ಷಕ್ಕಾಗುವಷ್ಟು ಗೋಧಿ ತರಿಸಿ ಹರಳೆಣ್ಣೆ ಸವರಿ ತುಂಬಿಡುವ ಪದ್ಧತಿ ಇನ್ನೂ ಎಷ್ಟೋ ಮನೆಗಳಲ್ಲಿದೆ. ಅದಕ್ಕಾಗಿ ನಾಲ್ಕು ಮನೆಯವರು ಸೇರಿ ಭಾಲ್ ಸೀಮೆಯ ರೈತನಿಗೆ ಫೋನ್ ಮಾಡುತ್ತಾರೆ, ಮೇ ತಿಂಗಳಲ್ಲಿ ಗಿರ್ ಕಡೆಯ ಕೇಸರ್ ಮಾವಿನ ಪೆಟ್ಟಿಗೆಗಳಿಗೂ ಹೀಗೇ. ವಾಟ್ಸಾಪಿನಲ್ಲಿ ಪಟ್ಟಿ, ಗೇಟಿನ ಬಳಿ ಟೆಂಪೊ, ವಾಚ್‌ಮನ್ ಕುರ್ಚಿಯ ಮೇಲೆ ತಕ್ಕಡಿ. ಇದನ್ನೇ ದೊಡ್ಡದಾಗಿ, ಅಂಗಡಿಯನ್ನೇ ಇಡದೆ, ತಿಂಗಳಿಗೊಮ್ಮೆ ಒಟ್ಟಾಗಿ ದಿನಸಿ ತರಿಸಿ ಹಂಚಿಕೊಳ್ಳುತ್ತ ಮುಂಬೈ ಗ್ರಾಹಕ ಪಂಚಾಯತ್ 1975ರಿಂದ ಸಾವಿರಾರು ಕುಟುಂಬಗಳನ್ನು ನಡೆಸಿಕೊಂಡು ಬಂದಿದೆ. ಸೂರತ್ತಿನಿಂದ ಅದು ಒಂದು ರಾತ್ರಿಯ ರೈಲು ಕೂಡ ಅಲ್ಲ, ಬೆಳಗಿನ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು.

ಸಹಕಾರಿ ಸಂಘ ಕಟ್ಟುವುದು 2012ರಿಂದ ಸಂವಿಧಾನದ 19ನೇ ವಿಧಿಯಲ್ಲಿ ಸೇರಿದ ಮೂಲಭೂತ ಹಕ್ಕು. 1961ರ ಗುಜರಾತ್ ಸಹಕಾರ ಸಂಘಗಳ ಕಾಯ್ದೆಯಡಿ ಸಂಘ ನೋಂದಾಯಿಸಲು ಬೇಕಾದದ್ದು ಬೇರೆ ಬೇರೆ ಕುಟುಂಬಗಳ ಹತ್ತು ಜನ. ಗೋಧಿಯ ಟೆಂಪೊ ಬಂದ ದಿನ ಗೇಟಿನ ಬಳಿ ಅದಕ್ಕಿಂತ ಹೆಚ್ಚು ಜನ ನಿಂತಿರುತ್ತಾರೆ, ಚೀಲ ಹಿಡಿದುಕೊಂಡು.